ಜರ್ಮನಿಗೆ ಕೆಲಸಕ್ಕೆ ಹೊರಟವರಿಗೆ: ವೀಸಾದಿಂದ ಕಾಯಂ ವಾಸದ ಪರವಾನಗಿವರೆಗೆ

ಮ್ಯೂನಿಕ್ಕಿಗೆ ಬಂದ ಹೊಸದರಲ್ಲಿ ನಾನು ಹಿಡಿದ ಕೋಣೆಯ ಯಜಮಾನರು ಎಲ್ಲಕ್ಕೂ ಹೂಂ ಅಂದಿದ್ದರು. ನಾನು ಅಲ್ಲಿ ವಾಸವಿದ್ದೇನೆ ಎಂದು ಬರೆದುಕೊಡುವ ಒಂದು ಪುಟದ ಫಾರ್ಮಿಗೆ ಮಾತ್ರ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಇಲ್ಲದೆ ವಿಳಾಸ ನೋಂದಣಿ ಆಗಲಿಲ್ಲ. ನೋಂದಣಿ ಆಗದೆ ತೆರಿಗೆ ಸಂಖ್ಯೆ ಬರಲಿಲ್ಲ, ವಾಸದ ಪರವಾನಗಿಯ ಅರ್ಜಿಯೂ ಮುಂದೆ ಹೋಗಲಿಲ್ಲ. ಬೇರೆ ಮನೆ ಹುಡುಕಿ ಎಲ್ಲವನ್ನೂ ಮೊದಲಿಂದ ಶುರು ಮಾಡುವಷ್ಟರಲ್ಲಿ ಆರು ವಾರ ಕಳೆದಿತ್ತು.

ಆಗ ಅರ್ಥವಾದದ್ದು ಇಷ್ಟು: ಇಲ್ಲಿ ಪ್ರತಿಯೊಂದು ಕಾಗದವೂ ಅದರ ಹಿಂದಿನ ಕಾಗದದ ಬೆನ್ನ ಮೇಲೆ ನಿಂತಿರುತ್ತದೆ. ವೀಸಾ ಸಿಗುವುದು ಅಷ್ಟೇನೂ ಕಷ್ಟವಲ್ಲ. ಕಾಗದಗಳನ್ನು ಸರಿಯಾದ ಕ್ರಮದಲ್ಲಿ, ಎಲ್ಲ ಕಡೆ ಒಂದೇ ಹೆಸರಿನಲ್ಲಿ ಜೋಡಿಸುವುದೇ ಕಷ್ಟ. ಕರ್ನಾಟಕದಿಂದ ಕೆಲಸಕ್ಕೆಂದು ಜರ್ಮನಿಗೆ ಹೊರಟವರು ಆ ಕ್ರಮವನ್ನು ಮೊದಲೇ ತಿಳಿದುಕೊಂಡಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

## ನಿಮ್ಮ ದಾರಿ ಯಾವುದು?

ಭಾರತೀಯರು ಹೊರಡುವ ಮೊದಲೇ ರಾಷ್ಟ್ರೀಯ ವೀಸಾ, ಅಂದರೆ ‘ಡಿ’ ವೀಸಾ, ಪಡೆಯಬೇಕು. ಪ್ರವಾಸದ ಷೆಂಗೆನ್ ವೀಸಾದಲ್ಲಿ ಬಂದು ಇಲ್ಲೇ ಕೆಲಸದ ಪರವಾನಗಿಗೆ ಬದಲಿಸಿಕೊಳ್ಳೋಣ ಎಂದು ಯಾರಾದರೂ ಏಜೆಂಟ್ ಹೇಳಿದರೆ ಆ ಮಾತು ಅಲ್ಲಿಗೇ ಬಿಡಿ.

ಪದವಿ ಇದ್ದು ಕೆಲಸದ ಆಫರ್ ಕೈಯಲ್ಲಿರುವವರಿಗೆ ಒಳ್ಳೆಯ ದಾರಿ ಬ್ಲೂ ಕಾರ್ಡ್ ಎಂಬ ಕೆಲಸ ಮತ್ತು ವಾಸದ ಪರವಾನಗಿ. ಇದಕ್ಕೆ ಮಾನ್ಯ ಪದವಿ, ಆ ಪದವಿಗೆ ಹೊಂದುವ ಕೆಲಸ, ಕನಿಷ್ಠ 6 ತಿಂಗಳ ಒಪ್ಪಂದ ಮತ್ತು ನಿಗದಿತ ಸಂಬಳ ಬೇಕು. ಸಂಬಳದ ಮಿತಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ, ಏಕೆಂದರೆ ಅದನ್ನು ಪಿಂಚಣಿ ವಂತಿಗೆಯ ಗರಿಷ್ಠ ಮಿತಿಗೆ ಕಟ್ಟಿಹಾಕಿದ್ದಾರೆ: ಸಾಮಾನ್ಯ ಕೆಲಸಗಳಿಗೆ ಅದರ ಶೇ. 50, ಜನರ ಕೊರತೆಯಿರುವ ಕೆಲಸಗಳಿಗೆ ಶೇ. 45.3. 2025ರಲ್ಲಿ ಇದು ವರ್ಷಕ್ಕೆ 48,300 ಮತ್ತು 43,759.80 ಯೂರೋ ಇತ್ತು, 2026ಕ್ಕೆ 50,700 ಮತ್ತು 45,934.20 ಆಗಿದೆ. ಐಟಿ, ಎಂಜಿನಿಯರಿಂಗ್, ವೈದ್ಯಕೀಯ ಮುಂತಾದವು ಕೊರತೆಯ ಪಟ್ಟಿಯಲ್ಲಿವೆ. ಪದವಿ ಮುಗಿಸಿ 3 ವರ್ಷ ದಾಟದವರಿಗೆ ಯಾವ ಕೆಲಸವಾದರೂ ಕಡಿಮೆ ಮಿತಿಯೇ ಅನ್ವಯ. ಡಿಸೆಂಬರಿನಲ್ಲಿ ಆಫರ್ ಬಂದು ಜನವರಿಯಲ್ಲಿ ಅರ್ಜಿ ಹಾಕುವವರು ಈ ಲೆಕ್ಕವನ್ನು ಮರೆಯಬಾರದು. ಮಿತಿಗಿಂತ ನೂರು ಯೂರೋ ಕಡಿಮೆ ಇದ್ದರೂ ಅರ್ಜಿ ನಿಲ್ಲುತ್ತದೆ. ಆಫರ್ ಚರ್ಚೆಯ ಹೊತ್ತಿನಲ್ಲೇ ಕಂಪನಿಗೆ ಹೇಳಿ ಸರಿಪಡಿಸಿಕೊಳ್ಳಿ.

ಐಟಿಯಲ್ಲಿದ್ದು ಪದವಿ ಇಲ್ಲದವರಿಗೂ ಬಾಗಿಲು ತೆರೆದಿದೆ. ಕಳೆದ 7 ವರ್ಷಗಳಲ್ಲಿ ಪದವೀಧರರ ಮಟ್ಟದ ಕನಿಷ್ಠ 3 ವರ್ಷದ ಅನುಭವ ತೋರಿಸಿದರೆ ಕಡಿಮೆ ಮಿತಿಯ ಸಂಬಳಕ್ಕೇ ಬ್ಲೂ ಕಾರ್ಡ್ ಸಿಗುತ್ತದೆ. ಸಂಬಳ ಮಿತಿ ಮುಟ್ಟದ ಪದವೀಧರರಿಗೆ ನುರಿತ ಕೆಲಸಗಾರರ ಸಾಮಾನ್ಯ ಪರವಾನಗಿ ಇದೆ. ಕೆಲಸವೇ ಇಲ್ಲದೆ ಹುಡುಕಲು ಬರುವವರಿಗೆ 2024ರ ಜೂನ್ 1ರಿಂದ ಚಾನ್ಸೆನ್‌ಕಾರ್ಟೆ ಬಂದಿದೆ. ಅದಕ್ಕೆ ಪೂರ್ಣ ಮಾನ್ಯತೆಯ ಪದವಿ, ಇಲ್ಲವೇ ಭಾಷೆ, ಅನುಭವ, ವಯಸ್ಸು ಮುಂತಾದವಕ್ಕೆ ಕೊಡುವ ಅಂಕಗಳಲ್ಲಿ ಕನಿಷ್ಠ 6 ಬೇಕು. ಜತೆಗೆ ಒಂದು ವರ್ಷದ ಖರ್ಚಿನ ಹಣ ತೋರಿಸಬೇಕು (2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ). ವಾರಕ್ಕೆ 20 ಗಂಟೆ ಕೆಲಸ ಮಾಡಲು ಅವಕಾಶವಿದೆ. ನನ್ನನ್ನು ಕೇಳಿದರೆ, ಭಾಷೆ ಬಾರದೆ ಚಾನ್ಸೆನ್‌ಕಾರ್ಟೆಯಲ್ಲಿ ಬರುವುದಕ್ಕಿಂತ ಬೆಂಗಳೂರಿನಲ್ಲೇ ಕೂತು ಸಂದರ್ಶನ ಕೊಟ್ಟು ಆಫರ್ ಹಿಡಿದು ಬರುವುದು ಎಷ್ಟೋ ಮೇಲು. ಉಳಿತಾಯ ಕರಗುತ್ತಿರುವಾಗ ಕೆಲಸ ಹುಡುಕುವ ಒತ್ತಡ ಬೇರೆಯದೇ.

ಬೆಂಗಳೂರಿನ ಶಾಖೆಯಿಂದ ಜರ್ಮನಿಯ ಶಾಖೆಗೆ ಹೋಗುವವರು ಒಂದು ಪ್ರಶ್ನೆ ಕೇಳಲೇಬೇಕು: ಸಂಬಳ ಯಾವ ದೇಶದ್ದು? ಕಂಪನಿಯೊಳಗಿನ ವರ್ಗಾವಣೆಯ ಐಸಿಟಿ ಕಾರ್ಡಿನಲ್ಲಿ ಭಾರತದ ಸಂಬಳದ ಮೇಲೆ ಕಳಿಸಿದರೆ, ಭಾರತ ಮತ್ತು ಜರ್ಮನಿಯ ನಡುವೆ 2017ರ ಮೇ 1ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದದಂತೆ ನಿಮ್ಮ ಪಿಎಫ್ ಭಾರತದಲ್ಲೇ ಮುಂದುವರಿಯಬಹುದು. ಕೇಳಲು ಹಿತವಾಗಿದೆ. ಆದರೆ ಜರ್ಮನಿಯ ಪಿಂಚಣಿ ಖಾತೆಗೆ ಒಂದು ತಿಂಗಳ ವಂತಿಗೆಯೂ ಸೇರದಿದ್ದರೆ ಕಾಯಂ ಪರವಾನಗಿಯ ಲೆಕ್ಕದಲ್ಲಿ ಆ ವರ್ಷಗಳು ಸೊನ್ನೆ. ಎರಡು ವರ್ಷ ಇದ್ದು ವಾಪಸ್ ಬರುವವರಿಗೆ ಇದರಿಂದ ನಷ್ಟವಿಲ್ಲ. ಇಲ್ಲೇ ಬೇರು ಬಿಡಬೇಕು ಎನ್ನುವವರು ಜರ್ಮನ್ ಒಪ್ಪಂದವನ್ನೇ ಕೇಳಿ ಪಡೆಯಿರಿ.

ನರ್ಸ್‌ಗಳು, ವೈದ್ಯರು ಮೊದಲು ವೃತ್ತಿಯ ಮಾನ್ಯತೆ ಮತ್ತು ಭಾಷೆಯ ಮಟ್ಟವನ್ನು ದಾಟಬೇಕು. ಅವರ ದಾರಿ ಬೇರೆಯೇ ಆದ್ದರಿಂದ ಇಲ್ಲಿ ಅದನ್ನು ಮುಟ್ಟುತ್ತಿಲ್ಲ.

## ಪದವಿಯನ್ನು ಆನಾಬಿನ್‌ನಲ್ಲಿ ಹುಡುಕುವುದು

ಆನಾಬಿನ್ ಎಂಬುದು ವಿದೇಶಿ ವಿಶ್ವವಿದ್ಯಾಲಯಗಳ ಮತ್ತು ಪದವಿಗಳ ಜರ್ಮನ್ ಸರ್ಕಾರಿ ಪಟ್ಟಿ. ಉಚಿತ, ಯಾರು ಬೇಕಾದರೂ ನೋಡಬಹುದು. ಇಲ್ಲಿ ಎರಡು ವಿಷಯ ಬೇರೆ ಬೇರೆಯಾಗಿ ಸಿಗಬೇಕು. ಒಂದು, ನಿಮ್ಮ ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’ (H+) ಇರಬೇಕು, ಅಂದರೆ ಮಾನ್ಯ ಸಂಸ್ಥೆ ಎಂದರ್ಥ. ಎರಡು, ನಿಮ್ಮ ಪದವಿಯ ಮುಂದೆ ‘ಎಂಟ್‌ಸ್ಪ್ರಿಖ್ಟ್’ ಅಥವಾ ‘ಗ್ಲೈಖ್‌ವೆರ್ಟಿಗ್’ ಎಂಬ ಪದ ಇರಬೇಕು, ಅಂದರೆ ಜರ್ಮನ್ ಪದವಿಗೆ ಸಮ ಎಂದರ್ಥ.

ನಮ್ಮವರು ಎಡವುವುದು ಹುಡುಕಾಟದಲ್ಲೇ. ಓದಿದ ಕಾಲೇಜಿನ ಹೆಸರು ಹಾಕಿ ಹುಡುಕಿ, ಸಿಗಲಿಲ್ಲವೆಂದು ಗಾಬರಿಯಾಗುತ್ತಾರೆ. ಸ್ವಾಯತ್ತ ಕಾಲೇಜಿನಲ್ಲಿ ಓದಿದ್ದರೂ ನಿಮ್ಮ ಪದವಿ ಪ್ರಮಾಣಪತ್ರವನ್ನು ಕೊಟ್ಟದ್ದು ವಿಟಿಯು ಆಗಿದ್ದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನೇ ಹುಡುಕಬೇಕು. ಊರಿನ ಹೆಸರನ್ನು ಬೆಳಗಾವಿ ಎಂದೂ ಹಾಕಿ ನೋಡಿ, ಬೆಲ್ಗಾಮ್ ಎಂಬ ಹಳೆಯ ರೂಪದಲ್ಲೂ ಹಾಕಿ ನೋಡಿ. ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಸೇರಿದವರ ಪದವಿಯಲ್ಲಿ ಬೆಂಗಳೂರು, ಮೈಸೂರು, ಕರ್ನಾಟಕ, ಕುವೆಂಪು ಅಥವಾ ಗುಲ್ಬರ್ಗ ವಿಶ್ವವಿದ್ಯಾಲಯದ ಹೆಸರಿರುತ್ತದೆ. ಪ್ರಮಾಣಪತ್ರ ಹೊರತೆಗೆದು, ಅದರ ತಲೆಯ ಮೇಲೆ ಏನು ಅಚ್ಚಾಗಿದೆಯೋ ಅದನ್ನು ಹುಡುಕಿ.

ಎರಡೂ ಸಿಕ್ಕರೆ ಎರಡೂ ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ಅರ್ಜಿಯ ಜತೆ ಬೇಕು. ಸಿಗದಿದ್ದರೆ ಬಾನ್ ನಗರದಲ್ಲಿರುವ ಝಡ್‌ಎಬಿ ಎಂಬ ಕೇಂದ್ರ ಕಚೇರಿಯಿಂದ ಪದವಿ ಮೌಲ್ಯಮಾಪನದ ಪತ್ರ ತರಿಸಬೇಕು. ಶುಲ್ಕ 208 ಯೂರೋ. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಆಫರ್‌ಗಾಗಿ ಕಾಯದೆ ಮೊದಲೇ ಮಾಡಿಸಿ.

## ಹೆಸರು ಒಂದೇ ಇರಲಿ

ನಮ್ಮ ಹೆಸರುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಊರು, ತಂದೆ, ತನ್ನ ಹೆಸರು ಎಂಬ ನಮ್ಮ ಕ್ರಮ ಜರ್ಮನ್ ಫಾರ್ಮಿನ ಹೆಸರು, ಕುಟುಂಬನಾಮ ಎಂಬ ಎರಡೇ ಮನೆಗಳಲ್ಲಿ ಕೂರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಆರ್.’, ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ಹೊಸಳ್ಳಿ ರಾಮಪ್ಪ’, ಮದುವೆ ಪ್ರಮಾಣಪತ್ರದಲ್ಲಿ ಬರೀ ‘ಮಂಜುನಾಥ’. ನಮಗೆ ಮೂವರೂ ಒಬ್ಬನೇ ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಕಡತ ನೋಡುವ ಅಧಿಕಾರಿಯ ಮುಂದೆ ಮೂವರು ಮನುಷ್ಯರು ನಿಂತಿರುತ್ತಾರೆ.

ಮೊದಲ ನಿಯಮ: ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಉಳಿದೆಲ್ಲ ಕಡೆ ಹಾಗೇ. ಒಪ್ಪಂದದಲ್ಲೂ ಹಾಗೇ ಬರೆಸಿ. ಪಾಸ್‌ಪೋರ್ಟಿನಲ್ಲಿ ಕುಟುಂಬನಾಮದ ಜಾಗ ಖಾಲಿ ಇದ್ದರೆ, ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಒಮ್ಮೆ ಜರ್ಮನಿಯ ದಾಖಲೆಗೆ ಹೆಸರು ಇಳಿಯಿತೆಂದರೆ ಬ್ಯಾಂಕು, ವಿಮೆ, ತೆರಿಗೆ, ಮುಂದೆ ಮಗುವಿನ ಜನನ ಪತ್ರದವರೆಗೂ ಅದೇ ಹಿಂಬಾಲಿಸುತ್ತದೆ. ಅಂಕಪಟ್ಟಿಯ ಇನಿಷಿಯಲ್ಲುಗಳನ್ನು ಬಿಡಿಸಿ ಹೇಳುವ, ‘ಇವರಿಬ್ಬರೂ ಒಬ್ಬರೇ’ ಎನ್ನುವ ಅಫಿಡವಿಟ್ಟನ್ನು ಇಂಗ್ಲಿಷಿನಲ್ಲಿ ನೋಟರಿ ಮಾಡಿಸಿ ಮೂರು ಪ್ರತಿ ಇಟ್ಟುಕೊಳ್ಳಿ. ಇನ್ನೊಂದು ಮಾತು: ಯಾವುದು ಕುಟುಂಬನಾಮವೋ ಅದರಿಂದಲೇ ಇಲ್ಲಿ ಎಲ್ಲರೂ ನಿಮ್ಮನ್ನು ಕರೆಯುತ್ತಾರೆ. ಜೀವನವಿಡೀ ‘ಹೆರ್ ರಾಮಪ್ಪ’ ಎಂದು ತಂದೆಯ ಹೆಸರಿನಲ್ಲಿ ಕರೆಸಿಕೊಳ್ಳಬೇಕೋ ಊರಿನ ಹೆಸರಿನಲ್ಲೋ ಎಂಬುದನ್ನು ಪಾಸ್‌ಪೋರ್ಟಿನ ಅರ್ಜಿ ತುಂಬುವಾಗಲೇ ನಿರ್ಧರಿಸಿ.

## ಅರ್ಜಿ

2025ರ ಜನವರಿ 1ರಿಂದ ಎಲ್ಲ ಬಗೆಯ ರಾಷ್ಟ್ರೀಯ ವೀಸಾಗಳಿಗೂ ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಸರ್ವಿಸಸ್ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ವಾಸವಿರುವವರ ಅರ್ಜಿ ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಪೋರ್ಟಲ್ಲಿನಲ್ಲಿ ಕಾಗದಗಳನ್ನು ಏರಿಸಿದ ಮೇಲೆ ಕಾನ್ಸುಲೇಟಿನವರು ಮೊದಲ ಪರಿಶೀಲನೆ ಮಾಡಿ, ಕೊರತೆ ಇದ್ದರೆ ಅಲ್ಲೇ ಸಂದೇಶ ಹಾಕುತ್ತಾರೆ. ಎಲ್ಲ ಸರಿಯಿದ್ದರೆ ಮೂಲ ದಾಖಲೆ ತೋರಿಸಲು, ಬೆರಳಚ್ಚು ಕೊಡಲು ದಿನಾಂಕ ಸಿಗುತ್ತದೆ. ಈ ಪೂರ್ವ ಪರಿಶೀಲನೆ ದೊಡ್ಡ ವರ. ಹಿಂದೆಲ್ಲ ತಿಂಗಳುಗಟ್ಟಲೆ ಕಾದು ಕೌಂಟರ್ ಮುಂದೆ ನಿಂತಾಗ ಒಂದು ಕಾಗದ ಕಡಿಮೆ ಎಂದು ತಿಳಿಯುತ್ತಿತ್ತು.

ಬೇಕಾದವು: ಪಾಸ್‌ಪೋರ್ಟ್, ಎರಡೂ ಕಡೆಯ ಸಹಿ ಇರುವ ಕೆಲಸದ ಒಪ್ಪಂದ, ಕಂಪನಿ ತುಂಬಿ ಕೊಡುವ ಉದ್ಯೋಗ ಘೋಷಣೆಯ ಫಾರ್ಮ್, ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳು, ಆನಾಬಿನ್ ಪುಟಗಳು ಅಥವಾ ಝಡ್‌ಎಬಿ ಪತ್ರ, ಸಿವಿ, 35×45 ಮಿ.ಮೀ. ಫೋಟೋ, ತಲುಪಿದ ದಿನದಿಂದ ಅನ್ವಯವಾಗುವ ಆರೋಗ್ಯ ವಿಮೆ. ಶುಲ್ಕ 75 ಯೂರೋ, ರೂಪಾಯಿಯಲ್ಲಿ ಕಟ್ಟುವುದು. ಉದ್ಯೋಗ ಘೋಷಣೆಯ ಫಾರ್ಮಿನಲ್ಲಿರುವ ಸಂಬಳ, ಹುದ್ದೆ, ವಾರದ ಗಂಟೆಗಳು ಒಪ್ಪಂದದಲ್ಲಿರುವಂತೆಯೇ ಇವೆಯೇ ಎಂದು ನೀವೇ ಕೂತು ಹೋಲಿಸಿ ನೋಡಿ. ಕಂಪನಿಯ ಎಚ್‌ಆರ್ ಇದನ್ನು ಅವಸರದಲ್ಲಿ ತುಂಬಿರುತ್ತಾರೆ.

ಸಾಮಾನ್ಯ ಮಿತಿಯ ಸಂಬಳದ ಬ್ಲೂ ಕಾರ್ಡಿಗೆ ಜರ್ಮನಿಯ ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕಿಲ್ಲ, ಕಡಿಮೆ ಮಿತಿಯದಕ್ಕೆ ಬೇಕು. ಹಾಗಾಗಿ ಎರಡನೆಯದಕ್ಕೆ ತುಸು ಹೆಚ್ಚು ಕಾಯಬೇಕು. ತುರ್ತಿದ್ದರೆ ಕಂಪನಿ 411 ಯೂರೋ ಕಟ್ಟಿ ಅಲ್ಲಿನ ವಿದೇಶಿಯರ ಕಚೇರಿಯ ಮೂಲಕ ತ್ವರಿತ ವಿಧಾನ ಶುರು ಮಾಡಬಹುದು. ಕಂಪನಿಗೆ ಇದು ಗೊತ್ತಿಲ್ಲದಿದ್ದರೆ ನೀವೇ ಹೇಳಿ.

ಅರ್ಜಿ ತಿರಸ್ಕಾರವಾದರೆ ಹಳೆಯ ದಿನಗಳ ಹಾಗೆ ಕಾನ್ಸುಲೇಟಿಗೇ ಮರುಪರಿಶೀಲನೆಯ ಪತ್ರ ಬರೆಯುವಂತಿಲ್ಲ. 2025ರ ಜುಲೈ 1ರಿಂದ ಆ ಪದ್ಧತಿ ನಿಂತಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ನಿಗದಿತ ಅವಧಿಯೊಳಗೆ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು.

ವೀಸಾ ಅಂಟಿದ ಪಾಸ್‌ಪೋರ್ಟ್ ಕೈಗೆ ಬಂದಾಗ ಸಂಭ್ರಮದಲ್ಲಿ ಮರೆಯಬೇಡಿ: ಹೆಸರಿನ ಅಕ್ಷರ, ಶುರುವಾಗುವ ದಿನ, ಮುಗಿಯುವ ದಿನ, ಕಂಪನಿಯ ಹೆಸರು ಎಲ್ಲವನ್ನೂ ಓದಿ. ತಪ್ಪಿದ್ದರೆ ಊರು ಬಿಡುವ ಮೊದಲೇ ತಿದ್ದಿಸಿ.

## ಮನೆ ಹಿಡಿಯುವಾಗ ಕೇಳಬೇಕಾದ ಪ್ರಶ್ನೆ

‘ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದೇ?’ ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಮೊದಲು ಇದನ್ನು ಕೇಳಿ. ಆನ್‌ಮೆಲ್ಡುಂಗ್ ಎಂದರೆ ವಿಳಾಸ ನೋಂದಣಿ. ಮನೆಗೆ ಬಂದ 2 ವಾರದೊಳಗೆ ಮಾಡಿಸಬೇಕೆಂದು ಕಾನೂನಿದೆ. ಯಜಮಾನರು ದೃಢೀಕರಣದ ಸಹಿ ಹಾಕಲೇಬೇಕೆಂದೂ ಕಾನೂನಿದೆ. ಆದರೂ ಒಳಬಾಡಿಗೆಗೆ ಕದ್ದು ಕೊಡುವವರು ಹಿಂಜರಿಯುತ್ತಾರೆ. ಹಾಗಾಗಿ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಕಂಪನಿ ಮೊದಲ ತಿಂಗಳಿಗೆ ಸರ್ವಿಸ್ ಅಪಾರ್ಟ್‌ಮೆಂಟ್ ಕೊಡುವುದಾದರೆ ಅವರಿಗೂ ಇದೇ ಪ್ರಶ್ನೆ.

ಜಾಹೀರಾತಿನಲ್ಲಿ ‘ಕಾಲ್ಟ್’ ಎಂದರೆ ಬರೀ ಬಾಡಿಗೆ, ‘ವಾರ್ಮ್’ ಎಂದರೆ ಹೀಟಿಂಗ್, ನೀರು ಮುಂತಾದ್ದು ಸೇರಿ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಠೇವಣಿ ಗರಿಷ್ಠ 3 ತಿಂಗಳ ಕಾಲ್ಟ್ ಬಾಡಿಗೆ, ಅದನ್ನೂ ಮೂರು ಕಂತಿನಲ್ಲಿ ಕೊಡಲು ಕಾನೂನು ಬಿಡುತ್ತದೆ. ಮನೆ ನೋಡದೆ, ಒಪ್ಪಂದ ಇಲ್ಲದೆ ಭಾರತದಿಂದ ಹಣ ಕಳಿಸಬೇಡಿ. ‘ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವವರೆಲ್ಲ ಮೋಸಗಾರರು.

## ಮೊದಲ ಎರಡು ವಾರ

ಪಾಸ್‌ಪೋರ್ಟ್, ಯಜಮಾನರ ಸಹಿಯ ಫಾರ್ಮ್, ನೋಂದಣಿ ಫಾರ್ಮ್ ಹಿಡಿದು ನಾಗರಿಕ ಕಚೇರಿಗೆ ಹೋಗಿ. ದೊಡ್ಡ ನಗರಗಳಲ್ಲಿ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಬೇಕು, ಊರಲ್ಲಿರುವಾಗಲೇ ಪ್ರಯತ್ನಿಸಿ. ಫಾರ್ಮಿನಲ್ಲಿ ಧರ್ಮದ ಕಾಲಂ ಇದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಎಂದು ಬರೆದರೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಬೀಳುತ್ತದೆ, ಬವೇರಿಯಾದಲ್ಲಿ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶೇ. 8, ಉಳಿದೆಡೆ ಶೇ. 9. ಮಂಗಳೂರಿನ ಕಡೆಯ ಕ್ರೈಸ್ತ ಗೆಳೆಯರು ಇದನ್ನು ತಿಳಿದೇ ಬರೆಯಲಿ ಎಂದು ಹೇಳುತ್ತಿದ್ದೇನೆ.

ನೋಂದಣಿಯ ಪತ್ರ ಅಲ್ಲೇ ಸಿಗುತ್ತದೆ. 11 ಅಂಕಿಯ ತೆರಿಗೆ ಸಂಖ್ಯೆ ಕೆಲವು ವಾರಗಳಲ್ಲಿ ಅಂಚೆಯಲ್ಲಿ ಬರುತ್ತದೆ. ಇಲ್ಲೇ ಇನ್ನೊಂದು ಎಡವಟ್ಟು. ಅಪಾರ್ಟ್‌ಮೆಂಟಿನ ಬಾಗಿಲ ಬಳಿ ಸಾಲಾಗಿ ತಗಡಿನ ಅಂಚೆಪೆಟ್ಟಿಗೆಗಳಿರುತ್ತವೆ. ಮನೆ ಸಂಖ್ಯೆ ಇರುವುದಿಲ್ಲ, ಬರೀ ಹೆಸರುಗಳು. ಅಂಚೆಯವರು ಲಕೋಟೆಯ ಮೇಲಿನ ಕುಟುಂಬನಾಮವನ್ನು ಪೆಟ್ಟಿಗೆಯ ಚೀಟಿಗೆ ತಾಳೆ ಹಾಕಿ ನೋಡುತ್ತಾರೆ. ಸಿಗದಿದ್ದರೆ ಲಕೋಟೆ ಬಂದ ದಾರಿಯಲ್ಲೇ ವಾಪಸ್. ನನ್ನ ತೆರಿಗೆ ಪತ್ರ ಹೀಗೇ ಮರಳಿತು. ಕೀಲಿ ಕೈಗೆ ಬಂದ ದಿನವೇ ಒಂದು ಬಿಳಿ ಕಾಗದದ ಪಟ್ಟಿಯ ಮೇಲೆ ಪಾಸ್‌ಪೋರ್ಟಿನಲ್ಲಿರುವ ಕುಟುಂಬನಾಮವನ್ನು ದಪ್ಪಕ್ಷರದಲ್ಲಿ ಬರೆದು, ಮಳೆಗೆ ನೆನೆಯದಂತೆ ಟೇಪ್ ಅಂಟಿಸಿ. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ. ಹೆಂಡತಿಯ ಅಥವಾ ಗಂಡನ ಕುಟುಂಬನಾಮ ಬೇರೆಯಿದ್ದರೆ ಅದೂ ಬೇಕು.

ಆರೋಗ್ಯ ವಿಮೆಯನ್ನು ಕೆಲಸ ಶುರುವಾಗುವ ದಿನಕ್ಕೇ ಆರಿಸಿಕೊಳ್ಳಿ. ಸಾರ್ವಜನಿಕ ವಿಮೆಯ ವಂತಿಗೆ ಶೇ. 14.6 ಮತ್ತು ಅದರ ಮೇಲೊಂದು ಹೆಚ್ಚುವರಿ ಪಾಲು, ಇದರ ಅರ್ಧವನ್ನು ಕಂಪನಿ ಕೊಡುತ್ತದೆ. ದುಡಿಯದ ಸಂಗಾತಿಗೂ ಮಕ್ಕಳಿಗೂ ಹೆಚ್ಚಿನ ಹಣವಿಲ್ಲದೆ ಅದೇ ವಿಮೆ. ಸಂಬಳ ಹೆಚ್ಚಿರುವವರನ್ನು ಖಾಸಗಿ ವಿಮೆಯವರು ಕಡಿಮೆ ಕಂತು ತೋರಿಸಿ ಸೆಳೆಯುತ್ತಾರೆ. ಸಂಸಾರ ಕರೆಸುವ ಯೋಚನೆಯಿದ್ದರೆ ಸಾರ್ವಜನಿಕ ವಿಮೆಯಲ್ಲೇ ಇರಿ ಎಂಬುದು ನನ್ನ ಸಲಹೆ, ಒಮ್ಮೆ ಹೊರಬಿದ್ದರೆ ವಾಪಸ್ ಬರುವುದು ಕಷ್ಟ.

## ಕಾರ್ಡು

ವೀಸಾ ಮುಗಿಯುವ ಮೊದಲೇ ಆಸ್‌ಲೆಂಡರ್‌ಬೆಹೋರ್ಡೆ, ಅಂದರೆ ವಿದೇಶಿಯರ ಕಚೇರಿಗೆ, ವಾಸದ ಪರವಾನಗಿಗಾಗಿ ಅರ್ಜಿ ಹಾಕಬೇಕು. ವಿಳಾಸ ನೋಂದಣಿಯಾದ ವಾರವೇ ಹಾಕಿಬಿಡಿ. ಸಮಯ ಸಿಗಲು ಎಷ್ಟೋ ನಗರಗಳಲ್ಲಿ ತಿಂಗಳುಗಳೇ ಬೇಕು. ಶುಲ್ಕ ಸುಮಾರು 100 ಯೂರೋ. 2025ರ ಮೇ 1ರಿಂದ ಫೋಟೋ ಡಿಜಿಟಲ್ ರೂಪದಲ್ಲೇ ಇರಬೇಕು. ಊರಿನ ಸ್ಟುಡಿಯೋದಲ್ಲಿ ತೆಗೆಸಿದ ಪ್ರಿಂಟ್ ಇಲ್ಲಿ ನಡೆಯುವುದಿಲ್ಲ.

ಕಾರ್ಡು ಬರ್ಲಿನ್ನಿನ ಸರ್ಕಾರಿ ಮುದ್ರಣಾಲಯದಲ್ಲಿ ತಯಾರಾಗಿ ಬರುತ್ತದೆ. ಬ್ಲೂ ಕಾರ್ಡ್ ಗರಿಷ್ಠ 4 ವರ್ಷದ್ದು. ಒಪ್ಪಂದ ಅದಕ್ಕಿಂತ ಚಿಕ್ಕದಿದ್ದರೆ ಒಪ್ಪಂದದ ಅವಧಿಗೆ 3 ತಿಂಗಳು ಸೇರಿಸಿ ಕೊಡುತ್ತಾರೆ. ಜತೆಗೆ ಹಸಿರು ಮಡಿಕೆ ಕಾಗದವೊಂದನ್ನು ಕೊಟ್ಟರೆ ಅದರಲ್ಲಿ ನಿಮ್ಮ ಷರತ್ತುಗಳಿರುತ್ತವೆ, ಪಾಸ್‌ಪೋರ್ಟಿನ ಜತೆಗೇ ಇಟ್ಟುಕೊಳ್ಳಿ.

ಕಾರ್ಡು ಬರುವ ಮೊದಲೇ ವೀಸಾ ಮುಗಿಯುವಂತಿದ್ದರೆ ಫಿಕ್ಷಿಯೋನ್ಸ್‌ಬೆಷೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೇಳಿ. ಅವಧಿಯೊಳಗೆ ಅರ್ಜಿ ಹಾಕಿದ್ದೀರಿ, ಹಳೆಯ ಹಕ್ಕು ಮುಂದುವರಿದಿದೆ ಎಂದು ಅದು ಹೇಳುತ್ತದೆ. ಈ ಪತ್ರ ಹಿಡಿದು ಊರಿಗೆ ಹೋಗುವವರು ಒಂದು ಗುರುತು ನೋಡಲೇಬೇಕು. ಅದರೊಳಗೆ ಮೂರು ಚೌಕಗಳಿವೆ. ವಾಸದ ಕಾಯ್ದೆಯ ಕಲಂ 81, ಉಪಕಲಂ 4ರ ಚೌಕಕ್ಕೆ ಗುರುತು ಬಿದ್ದಿದ್ದರೆ ಮಾತ್ರ ಹೊರಗೆ ಹೋಗಿ ಮತ್ತೆ ಒಳಬರಬಹುದು. ಉಪಕಲಂ 3 ಆಗಿದ್ದರೆ ಹೋದವರು ಹೊಸ ವೀಸಾ ಇಲ್ಲದೆ ಮರಳುವಂತಿಲ್ಲ. ದೀಪಾವಳಿಗೆ ಟಿಕೆಟ್ ತೆಗೆಯುವ ಮೊದಲು ಆ ಚೌಕ ನೋಡಿ.

## ಸಂಸಾರ

ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಬರುವ ಮೊದಲು ಜರ್ಮನ್ ಪರೀಕ್ಷೆಯ ಕಡ್ಡಾಯವಿಲ್ಲ. ಬಂದ ಮೇಲೆ ಯಾವ ಕೆಲಸವನ್ನಾದರೂ ಮಾಡಬಹುದು. ಆದರೂ ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ಮಟ್ಟವನ್ನು ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಇನ್ನೆಲ್ಲೋ ಕಲಿತು ಬಂದರೆ ಇಲ್ಲಿನ ಮೊದಲ ಚಳಿಗಾಲ ಅಷ್ಟು ಒಂಟಿ ಅನಿಸುವುದಿಲ್ಲ. ಇದನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಮದುವೆಗೆ ಛತ್ರದ ರಸೀದಿ, ದೇವಸ್ಥಾನದ ಪತ್ರ ಸಾಲದು. ಉಪನೋಂದಣಾಧಿಕಾರಿ ಕಚೇರಿಯ ನೋಂದಣಿ ಬೇಕು. ಮಕ್ಕಳ ಜನನ ಪತ್ರದಲ್ಲಿ ಮಗುವಿನ ಹೆಸರು ಇದೆಯೇ ನೋಡಿ. ಆಸ್ಪತ್ರೆಯಿಂದ ಹೆಸರಿಲ್ಲದೆ ನೋಂದಣಿಯಾಗಿ ಹಾಗೇ ಉಳಿದವು ಬಹಳ ಇವೆ. ಬರೀ ಕನ್ನಡದಲ್ಲಿರುವ ಪತ್ರಗಳನ್ನು ಅನುವಾದ ಮಾಡಿಸಬೇಕು. ಇನ್ನು ಅಪೊಸ್ಟಿಲ್, ಅಂದರೆ ಒಂದು ದೇಶದ ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ದೃಢೀಕರಿಸುವ ಮುದ್ರೆ: ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪಣೆ ಸಲ್ಲಿಸಿತು. ಅದಕ್ಕೇ ಇಲ್ಲಿನ ಕಚೇರಿಗಳಿಗೆ ಭಾರತದ ಪತ್ರದ ಬಗ್ಗೆ ಅನುಮಾನ ಬಂದರೆ ಕಾನ್ಸುಲೇಟಿನ ಮೂಲಕ ಪರಿಶೀಲನೆ ಮಾಡಿಸುತ್ತವೆ. ನಿಮ್ಮ ವೀಸಾದ ದಾಖಲೆ ಪಟ್ಟಿಯಲ್ಲಿ ಕೇಳದಿದ್ದರೆ ಅಪೊಸ್ಟಿಲ್ ಹೆಸರಿನಲ್ಲಿ ಏಜೆಂಟರಿಗೆ ಸಾವಿರಾರು ರೂಪಾಯಿ ಸುರಿಯಬೇಡಿ.

## ಕೆಲಸ ಬದಲಾದರೆ, ಹೋದರೆ

ಬ್ಲೂ ಕಾರ್ಡಿನ ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು. ಆಮೇಲೆ ಬದಲಾವಣೆ ಸಲೀಸು. ಕೆಲಸ ಹೋದರೆ ಕಾರ್ಡು ಆ ದಿನವೇ ಸಾಯುವುದಿಲ್ಲ, ಗಾಬರಿಯಾಗಿ ಟಿಕೆಟ್ ತೆಗೆಯಬೇಡಿ. ತಿಳಿದ 2 ವಾರದೊಳಗೆ ಕಚೇರಿಗೆ ಪತ್ರ ಬರೆಯಿರಿ. ಹಾಗೆಯೇ ಉದ್ಯೋಗ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ಹೊಸ ಕೆಲಸ ಹುಡುಕುತ್ತಿರುವ ಪುರಾವೆ ಇಟ್ಟುಕೊಳ್ಳಿ.

ಅಪ್ಪ ಅಮ್ಮನ ಆರೋಗ್ಯಕ್ಕೆಂದು ಊರಿಗೆ ಹೋಗಿ ಉಳಿಯಬೇಕಾದವರಿಗೆ: ಸಾಮಾನ್ಯ ಪರವಾನಗಿ 6 ತಿಂಗಳು ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡಿಗೆ 12 ತಿಂಗಳ ಅವಕಾಶವಿದೆ. ಅದಕ್ಕಿಂತ ಹೆಚ್ಚು ಬೇಕಾದರೆ ಹೊರಡುವ ಮೊದಲೇ ಅನುಮತಿ ಕೇಳಿ.

## ಕಾಯಂ ಪರವಾನಗಿ

ಬ್ಲೂ ಕಾರ್ಡಿನಲ್ಲಿ 27 ತಿಂಗಳು ದುಡಿದು ಪಿಂಚಣಿ ವಂತಿಗೆ ಕಟ್ಟಿದ್ದು, ಎ1 ಜರ್ಮನ್ ಇದ್ದರೆ ಕಾಯಂ ವಾಸಕ್ಕೆ ಅರ್ಹರು. ಭಾಷೆಯ ಮಧ್ಯಮ ಹಂತವಾದ ಬಿ1 ಇದ್ದರೆ 21 ತಿಂಗಳಿಗೇ. ನುರಿತ ಕೆಲಸಗಾರರ ಸಾಮಾನ್ಯ ಪರವಾನಗಿಯಲ್ಲಿರುವವರಿಗೆ 3 ವರ್ಷ ಮತ್ತು ಬಿ1 ಬೇಕು. ಜತೆಗೆ ‘ಜರ್ಮನಿಯಲ್ಲಿ ಬದುಕು’ ಪರೀಕ್ಷೆ: 33 ಪ್ರಶ್ನೆ, ಕಾಯಂ ಪರವಾನಗಿಗೆ 15 ಸರಿ ಉತ್ತರ ಸಾಕು, ಪೌರತ್ವಕ್ಕೆ 17. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿರುವ 310ರ ಪಟ್ಟಿಯಿಂದಲೇ ಬರುತ್ತವೆ. ಆದ್ದರಿಂದ 17ನ್ನೇ ಗುರಿಯಿಟ್ಟುಕೊಂಡು ಓದಿ, ಅದೇ ಪ್ರಮಾಣಪತ್ರ ಮುಂದೆಯೂ ಬರುತ್ತದೆ.

ವಂತಿಗೆಯ ಲೆಕ್ಕವನ್ನು ಸಂಬಳದ ಚೀಟಿ ಎಣಿಸಿ ಹಾಕಬೇಡಿ. ಜರ್ಮನ್ ಪಿಂಚಣಿ ವಿಮಾ ಸಂಸ್ಥೆಯಿಂದ ನಿಮ್ಮ ಖಾತೆಯ ಇತಿಹಾಸವನ್ನು ಆನ್‌ಲೈನ್‌ನಲ್ಲೇ ತರಿಸಿಕೊಳ್ಳಬಹುದು, ಉಚಿತ. ಅದರಲ್ಲಿ ಒಂದು ತಿಂಗಳು ಬಿಟ್ಟುಹೋಗಿದ್ದರೂ ಅರ್ಜಿಗೆ ಮೊದಲು ಸರಿಪಡಿಸಿ. ಬಿ1 ಪರೀಕ್ಷೆಯ ಜಾಗಗಳು ಬೇಗ ತುಂಬುತ್ತವೆ. 15ನೇ ತಿಂಗಳಿಗೇ ದಿನಾಂಕ ಹಿಡಿದರೆ 21ಕ್ಕೆ ಎಲ್ಲ ಕಾಗದಗಳೂ ಕೈಯಲ್ಲಿರುತ್ತವೆ.

ಪೌರತ್ವಕ್ಕೆ 2024ರ ಜೂನ್ 27ರಿಂದ 5 ವರ್ಷದ ವಾಸ ಸಾಕು, ಶುಲ್ಕ ದೊಡ್ಡವರಿಗೆ 255 ಯೂರೋ. ಜರ್ಮನಿ ಈಗ ಹಳೆಯ ಪೌರತ್ವ ಬಿಡಿ ಎನ್ನುವುದಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಪಡೆದ ಕ್ಷಣಕ್ಕೆ ಭಾರತದ್ದು ಕಾನೂನಿನಂತೆ ತಾನಾಗಿ ಹೋಗುತ್ತದೆ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐ ಇದ್ದವರು ಓಟು ಹಾಕುವಂತಿಲ್ಲ, ಊರಲ್ಲಿ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಅಜ್ಜನ ಜಮೀನು ಪಿತ್ರಾರ್ಜಿತವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ಊರಲ್ಲಿ ತೋಟ ಮಾಡುವ ಆಸೆ ಇಟ್ಟುಕೊಂಡವರು ಅರ್ಜಿಗೆ ಮೊದಲು ಮನೆಯವರ ಜತೆ ಕೂತು ಆ ಮಾತನ್ನು ಆಡಿಬಿಡಿ. ಅವಸರವಿಲ್ಲ, ಕಾಯಂ ಪರವಾನಗಿಯ ಮೇಲೆ ಭಾರತೀಯರಾಗಿಯೇ ಇಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು.